ಮೊದಲು ಫುಂಡಿ, ಆಮೇಲೆ ಗಾಡಿ

ಸ್ವಾಹಿಲಿ ಭಾಷೆಯಲ್ಲಿ ಮೋಟಾರು ವಾಹನಕ್ಕೆ ‘ಗಾರಿ’ ಎನ್ನುತ್ತಾರೆ. ಹಿಂದಿಯ ‘ಗಾಡಿ’ಯೇ ಹಡಗು ಹತ್ತಿ ಪೂರ್ವ ಆಫ್ರಿಕದ ಕರಾವಳಿಯಲ್ಲಿ ಇಳಿದು ‘ಗಾರಿ’ ಆಯಿತೆಂದು ಭಾಷೆ ಬಲ್ಲವರು ಹೇಳುತ್ತಾರೆ. ಅಂಗಡಿಗೆ ಅಲ್ಲಿ ‘ದುಕಾ’. ಕಿವಿಗೆ ಪರಿಚಿತವೆನಿಸುವ ಇಂಥ ಮಾತುಗಳನ್ನು ಕೇಳಿ, ನಮ್ಮಲ್ಲಿಯಂತೆ ರಸ್ತೆಯ ಎಡಬದಿಯಲ್ಲೇ ಓಡುವ ವಾಹನಗಳನ್ನು ಕಂಡು, ಹಳೆಯ ಬೆಂಗಳೂರನ್ನು ನೆನಪಿಸುವ ತಂಪು ಹವೆಯಲ್ಲಿ ನಾಲ್ಕು ದಿನ ಕಳೆದ ಮೇಲೆ, ನೌಕರಿಗೆಂದು ನೈರೋಬಿಗೆ ಬಂದ ಕನ್ನಡಿಗನಿಗೆ ಕೀನ್ಯಾ ಪರದೇಶವೆಂದೇ ಅನಿಸುವುದಿಲ್ಲ. ಹಳೆಯ ಕಾರುಗಳ ನಂಬರು ಫಲಕಗಳಂತೂ ‘ಕೆಎ’ ಎಂದೇ ಆರಂಭವಾಗುತ್ತವೆ!

ಆದರೆ ಅದು ಕರ್ನಾಟಕದ ಕೆಎ ಅಲ್ಲ. ಕೀನ್ಯಾದಲ್ಲಿ ಖಾಸಗಿ ವಾಹನಗಳ ನೋಂದಣಿ ಕೆಎಎ ಎಂಬ ಸಾಲಿನಿಂದ ಹೊರಟು ಕೆಎಬಿ, ಕೆಎಸಿ ಎಂದು ಮುಂದುವರಿದು, ಆ ಸಾಲು ಮುಗಿದ ಮೇಲೆ ಕೆಬಿ, ಕೆಸಿ ಸಾಲುಗಳನ್ನು ದಾಟಿ ಕೆಡಿಗೆ ಬಂದಿತು. ಹಾಗಾಗಿ ಫಲಕ ನೋಡಿದೊಡನೆ ಬೀದಿಯ ಹುಡುಗನೂ ಆ ಗಾಡಿ ಸುಮಾರಾಗಿ ಯಾವ ಕಾಲದಲ್ಲಿ ದೇಶದೊಳಗೆ ಬಂದಿತೆಂದು ಹೇಳಬಲ್ಲ. ಅದು ಎಲ್ಲಿ ಹುಟ್ಟಿತು, ಮೊದಲು ಯಾರ ಮನೆಯಲ್ಲಿತ್ತು ಎಂಬುದನ್ನು ಮಾತ್ರ ಫಲಕ ಹೇಳುವುದಿಲ್ಲ. ಹೊಸಬನು ಕಲಿಯಬೇಕಾದ ಮೊದಲ ಪಾಠ ಇಲ್ಲಿದೆ.

ನೈರೋಬಿಯಲ್ಲಿ ಕಾರು ಶೋಕಿಯ ವಸ್ತುವಲ್ಲ. ನಗರದ ಸಾಮಾನ್ಯ ಸಾರಿಗೆಯೆಂದರೆ ‘ಮಟಾಟು’ಗಳು. ಬಣ್ಣಬಣ್ಣದ ಚಿತ್ರ ಬರೆಸಿಕೊಂಡು, ಗಟ್ಟಿಯಾಗಿ ಹಾಡು ಹಾಕಿಕೊಂಡು ಓಡುವ ಈ ವ್ಯಾನುಗಳು ಹಗಲಿನಲ್ಲಿ ಸೊಗಸಾಗಿಯೇ ಇರುತ್ತವೆ. ಆದರೆ ಭೂಮಧ್ಯರೇಖೆಗೆ ಅಂಟಿಕೊಂಡ ಊರಾದ್ದರಿಂದ ವರ್ಷದ ಯಾವ ತಿಂಗಳಲ್ಲೂ ಸಂಜೆ ಆರೂವರೆಯ ಸುಮಾರಿಗೆ ಹೊತ್ತು ಮುಳುಗುತ್ತದೆ. ನಮ್ಮಲ್ಲಿಯಂತೆ ಮುಸ್ಸಂಜೆ ನಿಧಾನವಾಗಿ ಕವಿಯುವುದಿಲ್ಲ, ಕತ್ತಲೆ ಥಟ್ಟನೆ ಬೀಳುತ್ತದೆ. ಕತ್ತಲಾದ ಮೇಲೆ ಹೊಸಬರು ನಡೆದು ಓಡಾಡಬಾರದೆಂಬುದು ಅಲ್ಲಿಯವರೇ ಕೊಡುವ ಬುದ್ಧಿಮಾತು. ಮಧ್ಯರಾತ್ರಿ ಮಗುವಿಗೆ ಜ್ವರ ಏರಿದರೆ, ವಿಮಾನ ನಿಲ್ದಾಣದಿಂದ ತಾಯಿತಂದೆಯರನ್ನು ಕರೆತರಬೇಕಾದರೆ ಮನೆಯ ಮುಂದೆ ಒಂದು ಗಾಡಿ ಇರಲೇಬೇಕು. ದೊಡ್ಡ ಕಂಪೆನಿಗಳು ಕಾರು ಕೊಡುತ್ತವೆ. ಕರಾರಿನ ಮೇಲೆ ಬಂದ ಶಿಕ್ಷಕ, ಲೆಕ್ಕಿಗ, ಕಿರಿಯ ಎಂಜಿನಿಯರ್ ತಮ್ಮ ಗಂಟಿನಿಂದಲೇ ಕೊಳ್ಳಬೇಕು. ಎರಡು ಮೂರು ವರ್ಷದ ಉಳಿತಾಯದ ದೊಡ್ಡ ಪಾಲು ಈ ಒಂದು ತೀರ್ಮಾನದ ಮೇಲೆ ನಿಂತಿರುತ್ತದೆ.

ಅಲ್ಲಿ ಹಳತು, ಇಲ್ಲಿ ಹೊಸತು

ಕೀನ್ಯಾದ ರಸ್ತೆಗಳಲ್ಲಿ ಓಡುವ ಕಾರುಗಳಲ್ಲಿ ಬಹುಪಾಲು ಜಪಾನಿನಲ್ಲಿ ಬಳಸಿ ಬಿಟ್ಟವು. ಜಪಾನಿನವರು ಇನ್ನೂ ಹೊಳೆಯುವ ಕಾರುಗಳನ್ನು ಏಕೆ ಬಿಟ್ಟುಕೊಡುತ್ತಾರೆ? ಅಲ್ಲಿ ‘ಶಾಕೆನ್’ ಎಂಬ ಕಡ್ಡಾಯ ತಪಾಸಣೆಯುಂಟು. ಹೊಸ ಕಾರಿಗೆ ಮೂರು ವರ್ಷಕ್ಕೆ ಮೊದಲ ಪರೀಕ್ಷೆ, ಆಮೇಲೆ ಎರಡು ವರ್ಷಕ್ಕೊಮ್ಮೆ. ತೆರಿಗೆ, ವಿಮೆ, ದುರಸ್ತಿ ಎಲ್ಲವೂ ಸೇರಿ ಪ್ರತಿ ಪರೀಕ್ಷೆಯೂ ಜೇಬಿಗೆ ಭಾರ. ಅದರ ಬದಲು ಮಾರಿ ಹೊಸದನ್ನು ಕೊಳ್ಳೋಣ ಎಂದು ಅನೇಕರು ಯೋಚಿಸುತ್ತಾರೆ. ಜಪಾನಿನಲ್ಲಿಯೂ ವಾಹನಗಳು ರಸ್ತೆಯ ಎಡಬದಿಯಲ್ಲಿ ಓಡುತ್ತವೆ, ಸ್ಟಿಯರಿಂಗ್ ಬಲಗಡೆ ಇರುತ್ತದೆ. ಹೀಗಾಗಿ ಬ್ರಿಟಿಷರು ಎಡಬದಿಯ ಪದ್ಧತಿ ಬಿಟ್ಟುಹೋದ ಕೀನ್ಯಾ, ಉಗಾಂಡ, ಟಾಂಜಾನಿಯಾಗಳಿಗೆ ಆ ಕಾರುಗಳು ಹೇಳಿ ಮಾಡಿಸಿದಂತಿವೆ.

ಜಪಾನಿನ ಹರಾಜು ಕಟ್ಟೆಯಲ್ಲಿ ಪ್ರತಿ ಕಾರಿಗೂ ಒಂದು ಅಂಕಪಟ್ಟಿ ಬರೆಯುತ್ತಾರೆ. ಗೀರು ಎಲ್ಲಿದೆ, ತಗ್ಗು ಎಲ್ಲಿದೆ, ಎಷ್ಟು ಕಿಲೋಮೀಟರು ಓಡಿದೆ, ಅಪಘಾತವಾಗಿ ದುರಸ್ತಿಯಾದದ್ದೇ ಎಂಬುದೆಲ್ಲ ಅದರಲ್ಲಿರುತ್ತದೆ. ಎಚ್ಚರವುಳ್ಳವನು ಕಾರಿಗಿಂತ ಮೊದಲು ಈ ಹಾಳೆಯನ್ನು ಕೇಳುತ್ತಾನೆ. ಹಡಗಿನಲ್ಲಿ ಬರುವಾಗ ಕಿಲೋಮೀಟರು ಏರುವುದಿಲ್ಲ. ಆದರೆ ಬಂದಿಳಿದ ಮೇಲೆ ಕೆಲವೊಮ್ಮೆ ಇಳಿಯುವುದುಂಟು! ಹಾಳೆಯ ಅಂಕಿಯನ್ನೂ ಮೀಟರಿನ ಅಂಕಿಯನ್ನೂ ಹೋಲಿಸಿದರೆ ಮೋಸ ಸಿಕ್ಕಿಬೀಳುತ್ತದೆ.

ಹಡಗು ಹತ್ತುವ ಮೊದಲು ಜಪಾನಿನಲ್ಲೇ ಕೀನ್ಯಾ ಸರ್ಕಾರದ ಪರವಾಗಿ ತಪಾಸಣೆ ನಡೆಯುತ್ತದೆ. 2011ರ ಫುಕುಶಿಮಾ ಅಣುಸ್ಥಾವರ ದುರಂತದ ನಂತರ ವಿಕಿರಣದ ಪರೀಕ್ಷೆಯೂ ಅದಕ್ಕೆ ಸೇರಿತು. ಎಂಟು ವರ್ಷ ಮೀರಿದ ಕಾರಿಗೆ ಕೀನ್ಯಾದೊಳಗೆ ಪ್ರವೇಶವಿಲ್ಲ. ಪಕ್ಕದ ಉಗಾಂಡ 2018ರಲ್ಲಿ ಈ ಮಿತಿಯನ್ನು ಹದಿನೈದು ವರ್ಷಕ್ಕೆ ಗೊತ್ತುಮಾಡಿತು.

ಮೊಂಬಾಸಾ ಬಂದರಿನಲ್ಲಿ ಇಳಿದ ಕಾರು ಕೆಲಕಾಲ ಜಪಾನಿನ ಗುಂಗಿನಲ್ಲೇ ಇರುತ್ತದೆ. ಕೀಲಿ ತಿರುಗಿಸಿದೊಡನೆ ಒಬ್ಬ ಹೆಂಗಸಿನ ಧ್ವನಿ ಜಪಾನಿ ಭಾಷೆಯಲ್ಲಿ ವಿನಯದಿಂದ ಏನೋ ಹೇಳುತ್ತದೆ. ಅದು ಅಲ್ಲಿನ ಹೆದ್ದಾರಿ ಸುಂಕದ ಕಾರ್ಡನ್ನು ಹಾಕಿಲ್ಲವೆಂಬ ಸೂಚನೆ. ರೇಡಿಯೋದಲ್ಲಿ ಹೆಚ್ಚಿನ ನಿಲಯಗಳು ಸಿಗುವುದೇ ಇಲ್ಲ. ಕಾರಣ ಸರಳ: ಜಪಾನಿನ ಎಫ್.ಎಂ. ಪ್ರಸಾರ 76 ಮೆಗಾಹರ್ಟ್ಸ್‌ನಿಂದ ಆರಂಭವಾಗುತ್ತದೆ, ಅಲ್ಲಿನ ಹಳೆಯ ರೇಡಿಯೋಗಳು 90ಕ್ಕೆ ನಿಂತುಬಿಡುತ್ತವೆ. ಕೀನ್ಯಾದ ನಿಲಯಗಳು 88ರಿಂದ 108ರ ನಡುವೆ ಇವೆ. ಆಂಟೆನಾ ತಂತಿಯ ನಡುವೆ ಬೆರಳುದ್ದದ ಒಂದು ಉಪಕರಣ ಸೇರಿಸಿದರೆ ಅಲೆಗಳ ಕಂಪನಾಂಕ ಕೆಳಕ್ಕೆ ಸರಿದು ರೇಡಿಯೋ ಮಾತಾಡತೊಡಗುತ್ತದೆ. ಟಯರುಗಳ ವಿಷಯ ಮಾತ್ರ ತಮಾಷೆಯದಲ್ಲ. ಉತ್ತರ ಜಪಾನಿನ ಹಿಮದ ನಾಡಿನಿಂದ ಬಂದ ಕಾರಿಗೆ ಮಂಜಿನ ಮೇಲೆ ಹಿಡಿತ ಕೊಡುವ ಮೆತ್ತನೆಯ ರಬ್ಬರಿನ ಟಯರು ಇರಬಹುದು. ಕಾದ ಡಾಂಬರಿನ ಮೇಲೆ ಅದು ಬೇಗ ಸವೆಯುತ್ತದೆ, ಬ್ರೇಕು ಒತ್ತಿದಾಗ ಹಿಡಿತವೂ ಸಾಲದು. ಹಿಮ ಕರಗಿಸಲು ಅಲ್ಲಿ ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಆದ್ದರಿಂದ ಬಲ್ಲವರು ಕಾರಿನ ಮೇಲಿನ ಬಣ್ಣ ನೋಡುವ ಮೊದಲು ಬಗ್ಗಿ ಅದರ ಅಡಿಯ ತುಕ್ಕು ನೋಡುತ್ತಾರೆ.

ಸುಂಕದವನ ಮುಂದೆ

ಜಪಾನಿನಲ್ಲಿ ಅಗ್ಗವಾದ ಕಾರು ನೈರೋಬಿಗೆ ಬರುವಷ್ಟರಲ್ಲಿ ದುಬಾರಿಯಾಗುತ್ತದೆ. ಮೊದಲು ಆಮದು ಸುಂಕ. ಕಾರಿನ ಮೌಲ್ಯ ಮತ್ತು ಆ ಸುಂಕ ಸೇರಿದ ಮೊತ್ತದ ಮೇಲೆ ಅಬಕಾರಿ ಸುಂಕ. ಇವೆಲ್ಲವೂ ಸೇರಿದ ಮೊತ್ತದ ಮೇಲೆ ಶೇ 16ರ ಮೌಲ್ಯವರ್ಧಿತ ತೆರಿಗೆ. ಚಕ್ರಬಡ್ಡಿಯ ಲೆಕ್ಕ ಬಲ್ಲವರಿಗೆ ಇದರ ಪರಿಣಾಮ ಬಿಡಿಸಿ ಹೇಳಬೇಕಾಗಿಲ್ಲ. ಎಂಜಿನ್ ದೊಡ್ಡದಾದಂತೆ ಅಬಕಾರಿಯ ದರವೂ ಏರುವುದರಿಂದ 1500 ಸಿ.ಸಿ. ಒಳಗಿನ ಕಾರುಗಳಿಗೆ ಹೆಚ್ಚು ಗಿರಾಕಿ.

ಸ್ವಾರಸ್ಯವೆಂದರೆ, ಕೊಂಡವನು ಕೊಟ್ಟ ಬೆಲೆಯ ಮೇಲೆ ಸುಂಕ ಹಾಕುವುದಿಲ್ಲ. ಕಂದಾಯ ಪ್ರಾಧಿಕಾರದ ಬಳಿ ಪ್ರತಿ ಮಾದರಿಗೂ ಹೊಸದರ ಬೆಲೆಯ ಪಟ್ಟಿಯಿದೆ. ಕಾರಿನ ವಯಸ್ಸಿಗೆ ತಕ್ಕಂತೆ ಅದರಲ್ಲಿ ಸವಕಳಿ ಕಳೆದು ಉಳಿದದ್ದರ ಮೇಲೆ ಲೆಕ್ಕ. ವಯಸ್ಸು ಹೆಚ್ಚಿದಷ್ಟೂ ಸುಂಕ ಕಡಿಮೆ; ಆದರೆ ಎಂಟು ವರ್ಷ ದಾಟಿದರೆ ಬಾಗಿಲೇ ಮುಚ್ಚುತ್ತದೆ. ಆದ್ದರಿಂದ ಏಳು ವರ್ಷದ ಕಾರೆಂದರೆ ಎಲ್ಲರಿಗೂ ಅಚ್ಚುಮೆಚ್ಚು. ಜಪಾನಿನಲ್ಲಿ ನಿವೃತ್ತಿಗೆ ಹತ್ತಿರವಾದ ಗಾಡಿ ನೈರೋಬಿಯಲ್ಲಿ ‘ಹೊಸ ಗಾಡಿ’ ಎನಿಸಿಕೊಂಡು ಅಂಗಳದಲ್ಲಿ ನಿಲ್ಲುತ್ತದೆ, ನೆರೆಹೊರೆಯವರು ಬಂದು ನೋಡಿ ಹೋಗುತ್ತಾರೆ.

ಬಿಸಿಲು, ಎತ್ತರ, ಎರೆಮಣ್ಣು

ಉಷ್ಣವಲಯದ ದೇಶವೆಂದೊಡನೆ ಸೆಕೆಯೇ ಶತ್ರುವೆಂದು ಹೊಸಬರು ಭಾವಿಸುತ್ತಾರೆ. ನೈರೋಬಿಯಲ್ಲಿ ಸೆಕೆಗಿಂತ ಮೊದಲು ಎದುರಾಗುವುದು ಎತ್ತರ. ಆ ನಗರ ಸಮುದ್ರಮಟ್ಟದಿಂದ ಸುಮಾರು 1,795 ಮೀಟರು ಎತ್ತರದಲ್ಲಿದೆ. ಬೆಂಗಳೂರಿನ ಎತ್ತರದ ಹೆಚ್ಚುಕಡಿಮೆ ಎರಡರಷ್ಟು, ಮುಳ್ಳಯ್ಯನಗಿರಿಯ ತುದಿಗಿಂತ ತುಸುವೇ ತಗ್ಗು. ಅಲ್ಲಿ ಗಾಳಿಯ ಒತ್ತಡ ಕಡಲತೀರದಲ್ಲಿರುವುದರ ಐದರಲ್ಲಿ ನಾಲ್ಕು ಪಾಲಿನಷ್ಟು. ಪ್ರತಿ ಉಸಿರಿಗೂ ಎಂಜಿನ್ ಒಳಗೆಳೆದುಕೊಳ್ಳುವ ಆಮ್ಲಜನಕ ಅಷ್ಟರಮಟ್ಟಿಗೆ ಕಡಿಮೆ. 1500 ಸಿ.ಸಿ. ಎಂಜಿನ್ ನೈರೋಬಿಯ ಏರುದಾರಿಯಲ್ಲಿ 1200 ಸಿ.ಸಿ.ಯದರಂತೆ ಏದುಸಿರು ಬಿಡುತ್ತದೆ. ಕಾರಿನಲ್ಲಿ ದೋಷವಿದೆಯೆಂದು ಗ್ಯಾರೇಜಿಗೆ ಓಡುವ ಹೊಸಬನಿಗೆ ಅಲ್ಲಿನ ಮೆಕ್ಯಾನಿಕ್ ನಕ್ಕು, ಮೊಂಬಾಸಾಕ್ಕೆ ಒಮ್ಮೆ ಹೋಗಿಬನ್ನಿ, ತಾನಾಗಿ ಸರಿಹೋಗುತ್ತದೆ ಎನ್ನುವುದುಂಟು.

ಆ ಎತ್ತರದಲ್ಲಿ ನೀರು 94 ಡಿಗ್ರಿ ಸೆಲ್ಸಿಯಸ್‌ನ ಸುಮಾರಿಗೇ ಕುದಿಯುತ್ತದೆ. ಹಾಗಾದರೆ ರೇಡಿಯೇಟರಿನ ನೀರು ಕುದಿದು ಹಾರಿಹೋಗುವುದಿಲ್ಲವೇ? ಇಲ್ಲ. ರೇಡಿಯೇಟರಿನ ಮುಚ್ಚಳ ಪ್ರೆಶರ್ ಕುಕ್ಕರಿನ ಮುಚ್ಚಳದಂತೆಯೇ ಒಳಗಿನ ಒತ್ತಡವನ್ನು ಏರಿಸಿ ಕುದಿಬಿಂದುವನ್ನು ಮೇಲಕ್ಕೆ ಒಯ್ಯುತ್ತದೆ. ಆ ಮುಚ್ಚಳದ ರಬ್ಬರು ಬಿರಿದಿದ್ದರೆ ಮಾತ್ರ ಸಂಕಟ. ಕೆಲವು ಊರುಗಳಲ್ಲಿ ಎಂಜಿನ್ ತಣ್ಣಗಿರಲೆಂದು ಥರ್ಮೋಸ್ಟಾಟನ್ನೇ ಕಿತ್ತು ಬಿಸಾಡುವ ಅಭ್ಯಾಸವಿದೆ. ಬಿಸಿಲಿನ ದೇಶಕ್ಕೆ ಅದು ಬೇಡವೆಂಬುದು ತಪ್ಪು ಕಲ್ಪನೆ. ಎಂಜಿನ್ ತನ್ನ ಹದದ ಶಾಖಕ್ಕೆ ಬಾರದಿದ್ದರೆ ಪೆಟ್ರೋಲು ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ.

ಸೆಕೆಯ ನಿಜವಾದ ಪ್ರತಾಪ ಮೊಂಬಾಸಾದಲ್ಲಿ. ಹತ್ತು ಡಿಗ್ರಿ ಉಷ್ಣತೆ ಏರಿದರೆ ರಾಸಾಯನಿಕ ಕ್ರಿಯೆಗಳ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ರಸಾಯನಶಾಸ್ತ್ರದ ಸ್ಥೂಲ ನಿಯಮ. ಬ್ಯಾಟರಿಯೂ ಈ ನಿಯಮಕ್ಕೆ ಹೊರತಲ್ಲ. ನೈರೋಬಿಯ ತಂಪಿನಲ್ಲಿ ಬಹುಕಾಲ ಬಾಳಿದ ಬ್ಯಾಟರಿ ಕರಾವಳಿಯಲ್ಲಿ ಬೇಗ ಸುಸ್ತಾಗುತ್ತದೆ. ಕಡಲಗಾಳಿಯ ಉಪ್ಪು ತಗಡನ್ನು ತಿನ್ನುತ್ತದೆ. ಮಂಗಳೂರು, ಕಾರವಾರದವರಿಗೆ ಇದು ಹೊಸ ಸಂಗತಿಯೇನೂ ಅಲ್ಲ.

ನೈರೋಬಿಯ ಮಣ್ಣು ಕೂಡ ಕನ್ನಡಿಗರಿಗೆ ಪರಿಚಿತವೇ. ನಗರದ ಒಂದು ಮಗ್ಗುಲಿನ ಬಯಲಿನಲ್ಲಿ ಅಪ್ಪಟ ಎರೆಮಣ್ಣು, ಗದಗ-ಧಾರವಾಡದ ಹೊಲಗಳ ಮಣ್ಣಿನ ಒಡಹುಟ್ಟು. ಇನ್ನೊಂದು ಮಗ್ಗುಲಿನ ದಿಬ್ಬಗಳಲ್ಲಿ ಕಾಫಿ, ಚಹಾ ಬೆಳೆಯುವ ಕೆಮ್ಮಣ್ಣು. ಮಾರ್ಚಿಯಿಂದ ಮೇವರೆಗೆ ದೊಡ್ಡ ಮಳೆಗಾಲ, ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಸಣ್ಣ ಮಳೆಗಾಲ. ಮಳೆಗೆ ಎರೆಮಣ್ಣು ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಮೇಲಿನ ಡಾಂಬರು ಅದರೊಡನೆ ಏಳುಬೀಳು ಅನುಭವಿಸುತ್ತದೆ. 2024ರ ಏಪ್ರಿಲ್-ಮೇ ತಿಂಗಳ ನೆರೆಯಲ್ಲಿ ನೈರೋಬಿಯ ಅನೇಕ ರಸ್ತೆಗಳೇ ಹೊಳೆಗಳಾದವು. ನೆಲದಿಂದ ನಾಲ್ಕು ಬೆರಳು ಎತ್ತರ ಹೆಚ್ಚಿರುವ ಕಾರು ಅಲ್ಲಿ ಸೊಗಸಿನ ಪ್ರಶ್ನೆಯಲ್ಲ, ಮನೆ ಸೇರುವ ಪ್ರಶ್ನೆ. ಬೇಸಿಗೆಯಲ್ಲಿ ಇದೇ ಮಣ್ಣು ಧೂಳಾಗಿ ಏಳುತ್ತದೆ. ಹೈಬ್ರಿಡ್ ಕಾರು ಕೊಂಡವರು ಹಿಂದಿನ ಸೀಟಿನ ಪಕ್ಕದಲ್ಲಿ ಬ್ಯಾಟರಿಗೆ ಗಾಳಿ ಹೋಗುವ ಕಿಂಡಿಯ ಜಾಲರಿಯನ್ನು ಆಗಾಗ ಶುಚಿ ಮಾಡಬೇಕು. ಅದು ಕಟ್ಟಿಕೊಂಡರೆ ಕಾರಿನ ಅತ್ಯಂತ ದುಬಾರಿ ಭಾಗವೇ ಬಿಸಿಯಾಗಿ ಕೆಡುತ್ತದೆ.

ಕಡು ಬಿಸಿಲಿನ ವಿಶ್ವವಿದ್ಯಾಲಯ

‘ಜುವಾ ಕಾಲಿ’ ಎಂದರೆ ಸ್ವಾಹಿಲಿಯಲ್ಲಿ ಕಡು ಬಿಸಿಲು. ಸೂರಿಲ್ಲದ ಬಯಲಿನಲ್ಲಿ, ಬಿಸಿಲಿಗೆ ಬೆನ್ನೊಡ್ಡಿ ದುಡಿಯುವ ಕುಶಲಕರ್ಮಿಗಳಿಗೆಲ್ಲ ಅದೇ ಹೆಸರಾಯಿತು. ಅಂಥ ಕಸುಬುದಾರನನ್ನು ‘ಫುಂಡಿ’ ಎಂದು ಕರೆಯುತ್ತಾರೆ. ಬಡಗಿಯೂ ಫುಂಡಿ, ದರ್ಜಿಯೂ ಫುಂಡಿ, ಕಾರು ಬಿಚ್ಚಿ ಜೋಡಿಸುವವನೂ ಫುಂಡಿಯೇ. ನೈರೋಬಿಯ ಕಿರಿನ್ಯಾಗ ರಸ್ತೆಯಲ್ಲಿ ಸಾಲುಸಾಲು ಬಿಡಿಭಾಗದ ಅಂಗಡಿಗಳು. ಹಳಬರು ಅದನ್ನು ಈಗಲೂ ಬ್ರಿಟಿಷರ ಕಾಲದ ಗ್ರೋಗನ್ ರಸ್ತೆಯೆಂಬ ಹೆಸರಿನಿಂದ ಗುರುತಿಸುತ್ತಾರೆ. ಅಲ್ಲಿ ಹೊಸ ಭಾಗ, ನಕಲಿ ಭಾಗ, ಜಪಾನಿನ ಹಳೆಯ ಕಾರುಗಳಿಂದ ಬಿಚ್ಚಿ ತಂದ ‘ಎಕ್ಸ್-ಜಪಾನ್’ ಭಾಗ ಎಂದು ಮೂರು ಬಗೆ. ನಕಲಿ ಹೊಸದಕ್ಕಿಂತ ಅಸಲಿ ಹಳೆಯದು ಮೇಲೆಂದು ಫುಂಡಿಗಳು ಸಾಮಾನ್ಯವಾಗಿ ಹೇಳುತ್ತಾರೆ.

ಕಾರಿನ ಆಯ್ಕೆ ನಿಜವಾಗಿ ನಡೆಯಬೇಕಾದದ್ದು ಈ ರಸ್ತೆಯಲ್ಲಿ. ಪರದೇಶದಿಂದ ಬಂದವನು ಹಲವೊಮ್ಮೆ ಊರಿನಲ್ಲಿ ಈಡೇರದ ಆಸೆಯನ್ನು ಇಲ್ಲಿ ತೀರಿಸಿಕೊಳ್ಳಲು ಹೋಗುತ್ತಾನೆ. ಅಂಗಳದಲ್ಲಿ ದೊಡ್ಡ ಹೆಸರಿನ ಯುರೋಪಿನ ಕಾರು ನಿಲ್ಲಬೇಕು, ಅದರ ಮುಂದೆ ಫೋಟೋ ತೆಗೆಸಿ ಊರಿಗೆ ಕಳುಹಿಸಬೇಕು. ಹಳೆಯ ಐಷಾರಾಮಿ ಕಾರು ಅಷ್ಟೇನೂ ದುಬಾರಿಯಲ್ಲದೆ ಸಿಗುತ್ತದೆಯೆಂದರೆ ಆಸೆ ಇನ್ನೂ ಬಲಿಯುತ್ತದೆ. ಅದು ಏಕೆ ಅಗ್ಗವೆಂಬುದು ಮೊದಲ ದುರಸ್ತಿಯಲ್ಲಿ ತಿಳಿಯುತ್ತದೆ. ಒಂದು ಸಂವೇದಕ ಕೆಟ್ಟರೆ ಅದು ಸಾಗರದಾಚೆಯಿಂದ ಬರಬೇಕು. ಬರುವವರೆಗೆ ಗಾಡಿ ಗ್ಯಾರೇಜಿನಲ್ಲಿ, ಮನೆಮಂದಿ ಟ್ಯಾಕ್ಸಿಯಲ್ಲಿ. ಅದೇ ಟೊಯೊಟ ಕೊರೊಲಾ, ಫೀಲ್ಡರ್ ಅಥವಾ ಸರಕು ಸಾಗಣೆಯ ಪ್ರೊಬಾಕ್ಸ್ ಆದರೆ ಹಳ್ಳಿಯ ಸಂತೆಯಲ್ಲೂ ಅದರ ಭಾಗ ಸಿಗುತ್ತದೆ, ಮರದಡಿಯ ಫುಂಡಿಗೂ ಅದರ ಹೊಟ್ಟೆಯೊಳಗಿನ ಗುಟ್ಟು ಗೊತ್ತು. ಫುಂಡಿಯನ್ನು ಕೇಳದೆ ಗಾಡಿ ಕೊಳ್ಳುವುದೆಂದರೆ ಬಾವಿಯ ಆಳ ನೋಡದೆ ಹಗ್ಗ ಕೊಂಡಂತೆ.

ಆದರೆ ಈ ಜಾಣತನಕ್ಕೂ ಒಂದು ಬೆಲೆಯಿದೆ. ಎಲ್ಲರೂ ಇಟ್ಟುಕೊಂಡ ಕಾರಿನ ಭಾಗಕ್ಕೆ ಎಲ್ಲೆಡೆ ಗಿರಾಕಿ. ಆದ್ದರಿಂದ ಕಳ್ಳನಿಗೂ ಅದೇ ಕಾರು ಪ್ರಿಯ. ಸಿಗ್ನಲ್ಲಿನಲ್ಲಿ ನಿಂತಾಗ ಪಕ್ಕದ ಕನ್ನಡಿ ಮಾಯವಾಗುವುದು, ಬೆಳಗಾಗುವಷ್ಟರಲ್ಲಿ ದೀಪ ಇಲ್ಲವಾಗುವುದು ನೈರೋಬಿಯಲ್ಲಿ ಹಳೆಯ ಕಥೆ. ಅದಕ್ಕೆಂದೇ ಕಾರು ಕೊಂಡ ವಾರದಲ್ಲಿ ಕಿಟಕಿ, ಕನ್ನಡಿ, ದೀಪಗಳ ಗಾಜಿನ ಮೇಲೆಲ್ಲ ನೋಂದಣಿ ಸಂಖ್ಯೆಯನ್ನು ಕೊರೆಸುತ್ತಾರೆ. ಕನ್ನಡಿಗೆ ರಿವೆಟ್ಟು ಹೊಡೆಸುತ್ತಾರೆ. ಕಾರಿನ ಅಂದ ಕೆಡುತ್ತದೆ, ಕನ್ನಡಿ ಉಳಿಯುತ್ತದೆ. ಸುಲಭವಾಗಿ ದುರಸ್ತಿಯಾಗುವ ಗಾಡಿಯೇ ಸುಲಭವಾಗಿ ಕಳುವಾಗುವ ಗಾಡಿಯೂ ಹೌದು. ಎರಡಕ್ಕೂ ಕಾರಣ ಒಂದೇ.

ಹಳೆಯ ಗಾಡಿಯಲ್ಲಿ ಗೆದ್ದ ಸರ್ದಾರ

ಕೀನ್ಯಾದಲ್ಲಿ ಗಾಡಿಯ ಮಾತು ಬಂದರೆ ಸಫಾರಿ ರ್‍ಯಾಲಿಯ ಹೆಸರು ಬಾರದಿರದು. 1953ರಲ್ಲಿ ಎರಡನೇ ಎಲಿಜಬೆತ್ ರಾಣಿಯ ಪಟ್ಟಾಭಿಷೇಕದ ನೆನಪಿಗೆ ಆರಂಭವಾದ ಈ ಸ್ಪರ್ಧೆ, 2002ರ ನಂತರ ವಿಶ್ವ ಚಾಂಪಿಯನ್‌ಷಿಪ್‌ನಿಂದ ಹೊರಗುಳಿದು 2021ರಲ್ಲಿ ಮತ್ತೆ ಸೇರಿತು. ಕೆಸರು, ಧೂಳು, ಕಾಡುಪ್ರಾಣಿ ಎಲ್ಲವನ್ನೂ ದಾಟಬೇಕಾದ ಆ ಓಟದಲ್ಲಿ ಗೆದ್ದ ಕಾರೆಂದರೆ ಜನಕ್ಕೆ ನಂಬಿಕೆ. ಒಂದು ಕಾಲಕ್ಕೆ ಅಲ್ಲಿ ಮನೆಮಾತಾಗಿದ್ದ ಪೆಜೋ 504 ಕಾರು 1975ರಲ್ಲಿ ಗೆದ್ದಿತ್ತು.

ಅದಕ್ಕೂ ಹತ್ತು ವರ್ಷ ಮೊದಲು, 1965ರಲ್ಲಿ, ಗೆದ್ದವರು ಕೀನ್ಯಾದಲ್ಲೇ ಹುಟ್ಟಿದ ಸಿಖ್ ಚಾಲಕ ಜೋಗಿಂದರ್ ಸಿಂಗ್. ಜೊತೆಗೆ ಅವರ ತಮ್ಮ ಜಸವಂತ್ ಸಿಂಗ್. ಅವರ ವೋಲ್ವೊ ಕಾರು ಹೊಸದಾಗಿರಲಿಲ್ಲ. ಹಿಂದಿನ ವರ್ಷದ ಸಫಾರಿಯಲ್ಲಿ ಬೇರೊಬ್ಬರ ಕೈಯಲ್ಲಿ ಓಡಿ ದಣಿದಿದ್ದ ಗಾಡಿ. ತಂದೆಯ ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದು ಬೆಳೆದ ಜೋಗಿಂದರ್‌ಗೆ ಹಳೆಯ ಯಂತ್ರವನ್ನು ಓಡುವ ಸ್ಥಿತಿಗೆ ತರುವುದು ಗೊತ್ತಿತ್ತು. ಅವರು 1974 ಮತ್ತು 1976ರಲ್ಲಿ ಮಿತ್ಸುಬಿಷಿ ಲ್ಯಾನ್ಸರ್‌ನಲ್ಲಿ ಮತ್ತೆ ಗೆದ್ದರು. 2013ರಲ್ಲಿ ತೀರಿಕೊಂಡ ಈ ಸರ್ದಾರರನ್ನು ಇಂದಿಗೂ ಸ್ಮರಿಸುತ್ತಾರೆ. ಕಾರನ್ನು ಬಲ್ಲ ಕೈ ಇದ್ದರೆ ಹಳೆಯ ಕಾರೂ ಗೆಲ್ಲುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ರ್‍ಯಾಲಿಯಲ್ಲಿ ಓಡದವರಿಗೂ ಒಂದು ಪರೀಕ್ಷೆಯುಂಟು. ಅದು ನೈರೋಬಿಯಿಂದ ಮೊಂಬಾಸಾದವರೆಗಿನ ಸುಮಾರು 480 ಕಿಲೋಮೀಟರಿನ ಹೆದ್ದಾರಿ. ಎತ್ತರದ ತಂಪಿನಿಂದ ಕಡಲತೀರದ ಸೆಕೆಗೆ ಇಳಿಯುವ ದಾರಿ, ಲಾರಿಗಳ ಸಾಲು, ತ್ಸಾವೊ ಅಭಯಾರಣ್ಯದ ನಡುವೆ ಆನೆಗಳ ಸಂಚಾರ. ಅಂಥಲ್ಲಿ ರೇಡಿಯೇಟರಿನ ಕೊಳವೆ ಒಡೆದರೆ ಕಾರಿನ ಹೆಸರು ಎಷ್ಟು ದೊಡ್ಡದೆಂಬುದು ಲೆಕ್ಕಕ್ಕೆ ಬರುವುದಿಲ್ಲ. ಆ ಕೊಳವೆ ಮುಂದಿನ ಊರಿನಲ್ಲಿ ಸಿಗುತ್ತದೆಯೇ ಎಂಬುದೊಂದೇ ಪ್ರಶ್ನೆ. ದಾರಿಯ ಮೂರನೇ ಒಂದು ಭಾಗ ಕ್ರಮಿಸಿದ ಮೇಲೆ ಸಿಗುವ ಮಕಿಂಡು ಎಂಬ ಊರಿನಲ್ಲಿ, ರೈಲು ದಾರಿಯಲ್ಲಿ ದುಡಿದ ಸಿಖ್ಖರು 1926ರಲ್ಲಿ ಕಟ್ಟಿದ ಗುರುದ್ವಾರವಿದೆ. ಜಾತಿ ಮತ ಕೇಳದೆ ದಾರಿಹೋಕರಿಗೆಲ್ಲ ಊಟ ಹಾಕುತ್ತಾರೆ. ಮಕ್ಕಳನ್ನು ಕೂಡಿಸಿಕೊಂಡು ಹೊರಟ ಅದೆಷ್ಟೋ ಸಂಸಾರಗಳು ಅಲ್ಲಿ ರೊಟ್ಟಿ-ದಾಲ್ ಉಂಡು, ಎಂಜಿನ್ ತಣಿಯುವವರೆಗೆ ನೆರಳಿನಲ್ಲಿ ಕುಳಿತು ಮುಂದೆ ಸಾಗುತ್ತವೆ.

ಕೈ ಬದಲಾಗುವ ದಿನ

ಕರಾರು ಮುಗಿಯುತ್ತದೆ. ಊರಿಗೆ ಹೊರಡುವ ಮೊದಲು ಗಾಡಿ ಮಾರಬೇಕು. ಆಯ್ಕೆ ಸರಿಯಾಗಿತ್ತೇ ಎಂಬುದು ತಿಳಿಯುವುದು ಆಗ. ಸಾಧಾರಣ ಟೊಯೊಟ ಕೊಂಡವನ ಮನೆಗೆ ಸುದ್ದಿ ತಿಳಿದೊಡನೆ ಗಿರಾಕಿಗಳು ಬರುತ್ತಾರೆ. ಕೊಟ್ಟ ಹಣದ ಬಹುಭಾಗ ಕೈ ಸೇರುತ್ತದೆ. ಅಪರೂಪದ ಕಾರು ಕೊಂಡವನು ವಿಮಾನದ ದಿನದವರೆಗೂ ಕಾಯುತ್ತಾನೆ, ಕೊನೆಗೆ ಬಂದಷ್ಟಕ್ಕೆ ಬಿಟ್ಟುಕೊಡುತ್ತಾನೆ. ಕೊಳ್ಳುವವನೂ ಎಚ್ಚರವಾಗಿರಬೇಕು. ಲಾಗ್‌ಬುಕ್ಕಿನಲ್ಲಿ ಮಾರುವವನ ಹೆಸರಿದೆಯೇ, ಸಾಲ ಕೊಟ್ಟ ಬ್ಯಾಂಕಿನ ಹೆಸರೂ ಇದೆಯೇ ಎಂದು ನೋಡಬೇಕು. ರಾಯಭಾರ ಕಚೇರಿಗಳ ಮಂದಿ ಸುಂಕ ವಿನಾಯಿತಿಯಲ್ಲಿ ತಂದ ಕಾರನ್ನು ಸಾಮಾನ್ಯರು ಕೊಂಡರೆ ಅಲ್ಲಿಯವರೆಗೆ ಮಲಗಿದ್ದ ಸುಂಕ ಎದ್ದು ಕೂರುತ್ತದೆ.

ಜಪಾನಿನ ಯಾವುದೋ ಊರಿನಲ್ಲಿ ಒಂದು ಸಂಸಾರವನ್ನು ಹೊತ್ತು ತಿರುಗಿದ ಕಾರು ನೈರೋಬಿಯಲ್ಲಿ ಮೂರು ವರ್ಷ ಕನ್ನಡಿಗನ ಮಕ್ಕಳನ್ನು ಶಾಲೆಗೆ ಮುಟ್ಟಿಸಿರುತ್ತದೆ. ಅವನ ನಂತರ ಅದು ಒಬ್ಬ ಗುಮಾಸ್ತನ ಪಾಲಾಗಬಹುದು, ಆಮೇಲೆ ಹಳ್ಳಿಯ ರೈತನೊಬ್ಬನ ಎಲೆಕೋಸಿನ ಮೂಟೆಗಳನ್ನು ಹೊರಬಹುದು. ಪ್ರತಿ ಬಾರಿಯೂ ಯಾವನೋ ಫುಂಡಿ ಬಿಸಿಲಲ್ಲಿ ಮಲಗಿ ಅದರ ಅಡಿಗೆ ಕೈ ಹಾಕಿರುತ್ತಾನೆ. ಲಾಗ್‌ಬುಕ್ಕಿನಲ್ಲಿ ಅವನ ಹೆಸರು ಇರುವುದಿಲ್ಲ. ಆದರೆ ಗಾಡಿ ಓಡುತ್ತಿರುವುದು ಅವನಿಂದ.